ಲಿನಕ್ಸಲ್ಲಿ ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ಕಿರಿಕ್ ಮಾಡ್ತಿದ್ರೆ: ಪದೇ ಪದೇ ಕೇಳೋ ಪ್ರಶ್ನೆಗಳು

ದಸರಾ ಮುಗಿದ ಮಾರನೇ ವಾರ ನನ್ನ ಫೋನ್ ಸುಮ್ನಿರಲ್ಲ. ಜಂಬೂಸವಾರಿ, ಅರಮನೆ ಲೈಟಿಂಗು, ಬನ್ನಿಮಂಟಪದ ಪಂಜಿನ ಕವಾಯತು ಎಲ್ಲಾ ಶೂಟ್ ಮಾಡ್ಕೊಂಡು ಬಂದಿರ್ತಾರೆ, ಎಸ್‌ಎಸ್‌ಡಿಗೆ ತುಂಬಕ್ಕೆ ಹೋಗಿ ಅರ್ಧಕ್ಕೆ ನಿಂತಿರುತ್ತೆ, ತಕ್ಷಣ "ಅಣ್ಣ ಡ್ರೈವ್ ಹೋಯ್ತು, ಫಾರ್ಮ್ಯಾಟ್ ಮಾಡ್ಬುಡ್ಲಾ?" ಅಂತ ಶುರು. ಬೇಡ ಕಣ್ರಪ್ಪಾ, ಫಾರ್ಮ್ಯಾಟ್ ಬಟನ್ ಮೇಲಿಂದ ಕೈ ತೆಗೀರಿ ಮೊದ್ಲು. ನನ್ನ ಹತ್ರ ಬಂದಿರೋದ್ರಲ್ಲಿ ಹೆಚ್ಚಿನ ಡ್ರೈವ್‌ಗಳು ಚೆನ್ನಾಗೇ ಇದ್ವು, ಕೆಟ್ಟಿದ್ದಿದ್ದು ಕೇಬಲ್ಲೋ ಪೋರ್ಟೋ ಇಲ್ಲಾ ಡಬ್ಬಿ (ಎಸ್‌ಎಸ್‌ಡಿ ಕೂರೋ ಹೊರಗಿನ ಕೇಸು) ಒಳಗಿರೋ ಚಿಪ್ಪೋ. ಒಬ್ಬೊಬ್ರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರ್ದಿಡ್ತಿದೀನಿ.

ಇನ್ನೊಂದ್ ಮಾತು, ಕಮಾಂಡುಗಳ ಹೆಸರನ್ನೂ ಕನ್ನಡದಲ್ಲೇ ಬರ್ದಿದೀನಿ, ಅಕ್ಷರ ಅಕ್ಷರ ಹೇಳ್ಕೊಂಡು ಇಂಗ್ಲಿಷಿನ ಚಿಕ್ಕಕ್ಷರದಲ್ಲಿ ಟೈಪ್ ಮಾಡಿ. ಡ್ಯಾಶ್ ಅಂದ್ರೆ ಅಡ್ಡಗೆರೆ. ಮುಂದೆ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸು ಅಂತ) ಹಾಕೋದು ಮರೀಬೇಡಿ.

ಎಸ್‌ಎಸ್‌ಡಿ ಚುಚ್ಚಿದೀನಿ, ಸ್ಕ್ರೀನ್ ಮೇಲೆ ಏನೂ ಬರ್ತಿಲ್ಲ. ಸತ್ತೋಯ್ತಾ?

ಗೊತ್ತಿಲ್ದೆ ತಿಥಿ ಮಾಡ್ಬೇಡಿ. ಒಂದು ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ವಿಂಡೋ) ತೆಗೆದು ಸುಡೋ ಡಿಮೆಸೇಜ್ ಡ್ಯಾಶ್ ಡಬ್ಲ್ಯು ಅಂತ ಕೊಡಿ (ಡಿಮೆಸೇಜ್ ಬರಿಯೋದು ಡಿ ಎಂ ಇ ಎಸ್ ಜಿ ಅಂತ). ಅದು ಕರ್ನಲ್ (ಲಿನಕ್ಸಿನ ತಿರುಳು) ಏನ್ ಗೊಣಗ್ತಿದೆ ಅನ್ನೋದನ್ನ ಲೈವ್ ಆಗಿ ತೋರ್ಸುತ್ತೆ. ಅದನ್ನ ಓಪನ್ ಇಟ್ಕೊಂಡೇ ಎಸ್‌ಎಸ್‌ಡಿ ಕಿತ್ತು ಮತ್ತೆ ಚುಚ್ಚಿ. ಒಂದು ಸಾಲೂ ಬರ್ಲಿಲ್ಲ ಅಂದ್ರೆ ಕಂಪ್ಯೂಟರ್‌ಗೆ ಏನೋ ಚುಚ್ಚಿದಾರೆ ಅಂತಾನೇ ಗೊತ್ತಾಗಿಲ್ಲ, ಅಂದ್ರೆ ಕೇಬಲ್, ಪೋರ್ಟ್ ಅಥ್ವಾ ಪವರ್. ಸಾಲುಗಳು ಬಂದು ಕೊನೇಲಿ ಎಸ್‌ಡಿಬಿ, ಎಸ್‌ಡಿಬಿ1 ಅಂತೇನಾದ್ರೂ (ಲಿನಕ್ಸ್ ಡ್ರೈವಿಗೆ ಇಡೋ ಹೆಸರು) ಬಂದ್ರೆ ಡ್ರೈವ್ ಬದುಕಿದೆ, ಮೌಂಟ್ ಆಗ್ತಿಲ್ಲ (ಫೋಲ್ಡರಾಗಿ ತೆರ್ಕೊಳ್ತಿಲ್ಲ) ಅಷ್ಟೇ, ಅದು ಬೇರೆ ಕಥೆ. ಎಸ್‌ಡಿಬಿ ಬಂದು ಸೈಜ್ 0 ಅಂತ ತೋರಿಸ್ತಿದ್ರೆ ಮಾತ್ರ ಸ್ವಲ್ಪ ಭಯ ಪಡಿ, ಡಬ್ಬಿ ಮಾತಾಡ್ತಿದೆ ಒಳಗಿನ ಡ್ರೈವ್ ಮಾತಾಡ್ತಿಲ್ಲ ಅಂತರ್ಥ.

ಆಮೇಲೆ ಎಲ್‌ಎಸ್‌ಬಿಎಲ್‌ಕೆ ಡ್ಯಾಶ್ ಎಫ್ ಕೊಟ್ರೆ ಯಾವ ಡ್ರೈವಲ್ಲಿ ಯಾವ ಫೈಲ್‌ಸಿಸ್ಟಮ್ (ಫೈಲ್‌ಗಳನ್ನ ಜೋಡಿಸಿಡೋ ವಿಧಾನ) ಇದೆ, ಎಲ್ಲಿ ಮೌಂಟ್ ಆಗಿದೆ ಅನ್ನೋದು ಬರುತ್ತೆ. ಇನ್ನು ಮುಂದೆ ಏನೇ ಮಾಡೋ ಮುಂಚೆನೂ ಇದನ್ನ ನೋಡಿ, ಯಾಕಂದ್ರೆ ಎಸ್‌ಡಿಎ ಯಾವುದು ಎಸ್‌ಡಿಬಿ ಯಾವುದು ಅಂತ ಕನ್ಫ್ಯೂಸ್ ಆಗಿ ಲ್ಯಾಪ್‌ಟಾಪ್ ಒಳಗಿನ ಡಿಸ್ಕನ್ನೇ ಅಳಿಸ್ಕೊಂಡವ್ರನ್ನ ನೋಡಿದೀನಿ.

ಎರರ್ ಮೈನಸ್ 71, ಮೈನಸ್ 110 ಅಂತ ಕೆಂಪಗೆ ಬರ್ತಿದೆ. ಏನರ್ಥ?

71 ಅಂದ್ರೆ ಪ್ರೋಟೋಕಾಲ್ ಎರರ್, ಹೇಳಿದ್ದೊಂದು ಕೇಳಿಸಿದ್ದೊಂದು. 110 ಅಂದ್ರೆ ಟೈಮ್‌ಔಟ್, ಕೂಗಿದ್ರೂ ಉತ್ತರ ಇಲ್ಲ. ಎರಡಕ್ಕೂ ಮೊದಲ ಅನುಮಾನ ಕೇಬಲ್ ಮೇಲೇನೆ. ಫೋನ್ ಚಾರ್ಜರ್ ಜೊತೆ ಬಂದ ಟೈಪ್-ಸಿ ಕೇಬಲ್ ಹಾಕ್ತೀರಲ್ಲ, ಅದ್ರಲ್ಲಿ ಎಷ್ಟೋ ಕೇಬಲ್‌ಗಳಲ್ಲಿ ಯುಎಸ್‌ಬಿ 2 ತಂತಿಗಳು ಮಾತ್ರ ಇರುತ್ತೆ, ನೋಡಕ್ಕೆ ಎರಡೂ ಒಂದೇ ಥರ. ಎಲ್‌ಎಸ್‌ಯುಎಸ್‌ಬಿ ಡ್ಯಾಶ್ ಟಿ ಕೊಟ್ಟು ನೋಡಿ, ನಿಮ್ಮ ಡ್ರೈವ್ ಸಾಲಿನ ಕೊನೇಲಿ 5000ಎಂ ಅಥ್ವಾ 10000ಎಂ ಇದ್ರೆ ಸರಿ, 480ಎಂ ಅಂತಿದ್ರೆ ಅದು ಯುಎಸ್‌ಬಿ 2 ವೇಗದಲ್ಲಿ ತೆವಳ್ತಿದೆ. ಕೆಲವು ಸಲ ಕೇಬಲ್ ಒಳ್ಳೇದಿದ್ರೂ ಪ್ಲಗ್ ಪೂರ್ತಿ ಕೂತಿರಲ್ಲ, ಆಗ್ಲೂ 480ಕ್ಕೆ ಇಳಿಯುತ್ತೆ.

ಪೋರ್ಟ್ ಒಳಗೂ ಟಾರ್ಚ್ ಬಿಟ್ಟು ನೋಡಿ. ತಮಾಷೆ ಅಲ್ಲ, ಒಂದ್ಸಲ ಆಯುಧ ಪೂಜೆ ಆದ್ಮೇಲೆ ನನ್ನದೇ ಎಸ್‌ಎಸ್‌ಡಿ ಎರಡು ದಿನ ಬರೀ 71 ಹೊಡೀತಿತ್ತು, ಕೇಬಲ್ ಮೂರು ಬದಲಾಯಿಸ್ದೆ, ಕರ್ನಲ್ ಹಳೇದು ಹಾಕಿ ನೋಡ್ದೆ, ಕೊನೆಗೆ ನೋಡಿದ್ರೆ ಟೈಪ್-ಸಿ ತೂತಿನ ಒಳಗೆ ಕುಂಕುಮ. ನಮ್ಮಮ್ಮ ಭಕ್ತಿಯಿಂದ ಸರಿಯಾಗಿ ಮಧ್ಯಕ್ಕೇ ಇಟ್ಟಿದ್ರು. ಮರದ ಟೂತ್‌ಪಿಕ್ಕಲ್ಲಿ ಮೆಲ್ಲಗೆ ತೆಗೆದೆ, ಸರಿಹೋಯ್ತು. ಪಿನ್ನು ಸೂಜಿ ಹಾಕ್ಬೇಡಿ.

ಪವರ್ ವಿಷ್ಯ: ಯುಎಸ್‌ಬಿ 2 ಪೋರ್ಟ್ ಕೊಡೋದು 500 ಮಿಲಿಆಂಪ್, ಯುಎಸ್‌ಬಿ 3 ಪೋರ್ಟ್ 900, ಅಂದ್ರೆ 4.5 ವ್ಯಾಟ್. ಎನ್‌ವಿಎಂಇ (ವೇಗದ ಥರದ ಎಸ್‌ಎಸ್‌ಡಿ) ಡ್ರೈವ್‌ನ ಡಬ್ಬಿಗೆ ಹಾಕಿದ್ರೆ ಜೋರಾಗಿ ಬರೆಯೋವಾಗ ಅದು ಇದನ್ನ ದಾಟಬಹುದು. ಪವರ್ ಇಲ್ಲದ ಹಬ್‌ಗೆ ಪೆನ್‌ಡ್ರೈವು ಮೌಸು ಕೀಬೋರ್ಡು ಎಲ್ಲಾ ಚುಚ್ಚಿ ಅದ್ರ ಜೊತೆ ಎಸ್‌ಎಸ್‌ಡಿನೂ ನೇತಾಕಿದ್ರೆ ಪಾಪ ಅದೇನ್ ಮಾಡುತ್ತೆ. ಡೆಸ್ಕ್‌ಟಾಪ್ ಆದ್ರೆ ಮುಂದಿನ ಪೋರ್ಟ್ ಬಿಟ್ಟು ಹಿಂದೆ ಮದರ್‌ಬೋರ್ಡ್‌ದಕ್ಕೇ ಹಾಕಿ. ರಾಸ್ಪ್‌ಬೆರಿ ಪೈ 4 ಇಟ್ಕೊಂಡಿರೋ ಇಂಜಿನಿಯರಿಂಗ್ ಹುಡುಗ್ರು ನೆನಪಿಟ್ಕೊಳಿ, ಅದ್ರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಒಟ್ಟು 1.2 ಆಂಪ್, ಒಂದೊಂದಕ್ಕೂ ಅಷ್ಟಲ್ಲ.

ಚಿಕ್ಕ ಫೈಲ್ ಹೋಗುತ್ತೆ. ದೊಡ್ಡದು ಕಾಪಿ ಮಾಡಿದ್ರೆ ಸ್ವಲ್ಪ ಹೊತ್ತಾದ್ಮೇಲೆ ಎಲ್ಲಾ ಫ್ರೀಜ್, ಲಾಗಲ್ಲಿ "ರೀಸೆಟ್ ಸೂಪರ್‌ಸ್ಪೀಡ್ ಯುಎಸ್‌ಬಿ ಡಿವೈಸ್" ಅಂತ ಬರ್ತಾನೇ ಇರುತ್ತೆ.

ಹಾ, ಬಂದ್ರಿ ನೋಡಿ ಅಸಲಿ ವಿಷ್ಯಕ್ಕೆ. ಲಿನಕ್ಸಲ್ಲಿ ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ಕಾಟ ಅಂದ್ರೆ ನನಗೆ ಮೊದಲು ನೆನಪಾಗೋದು ಇದೇ. ಡಬ್ಬಿ ಒಳಗೆ ಎಸ್‌ಎಸ್‌ಡಿ ಭಾಷೆನ ಯುಎಸ್‌ಬಿ ಭಾಷೆಗೆ ಬದಲಾಯ್ಸೋ ಒಂದು ಬ್ರಿಡ್ಜ್ ಚಿಪ್ ಇರುತ್ತೆ, ಜೆಮೈಕ್ರಾನ್, ಎಎಸ್‌ಮೀಡಿಯಾ, ರಿಯಲ್‌ಟೆಕ್ ಇವೆಲ್ಲಾ ಕಾಮನ್. ಇದ್ರ ಜೊತೆ ಕರ್ನಲ್ ಎರಡು ಥರ ಮಾತಾಡಬಹುದು. ಹಳೇದು ಯುಎಸ್‌ಬಿ-ಸ್ಟೋರೇಜ್, ಒಂದು ಕೆಲಸ ಹೇಳಿ ಅದು ಮುಗಿಯೋ ತನಕ ಕಾಯೋದು. ಹೊಸದು ಯುಎಎಸ್, ಒಟ್ಟಿಗೆ ಹತ್ತಾರು ಕೆಲಸ ಹೇಳೋದು. ಯುಎಎಸ್ ಫಾಸ್ಟ್, ಆದ್ರೆ ಕೆಲವು ಚಿಪ್‌ಗಳ ಫರ್ಮ್‌ವೇರಲ್ಲಿ (ಚಿಪ್ ಒಳಗಿನ ಸಾಫ್ಟ್‌ವೇರ್) ಅದನ್ನ ನೆಟ್ಟಗೆ ಮಾಡಿಲ್ಲ, ಒತ್ತಡ ಜಾಸ್ತಿ ಆದಾಗ ಬಾಯ್ ಬಿಡುತ್ತೆ, ಕರ್ನಲ್ ಕಾದು ಕಾದು ರೀಸೆಟ್ ಹೊಡೆಯುತ್ತೆ. ಲಾಗಲ್ಲಿ "ಯುಎಎಸ್ ಇಎಚ್ ಅಬಾರ್ಟ್ ಹ್ಯಾಂಡ್ಲರ್" ಅಂತ ಕಂಡ್ರೆ ಅನುಮಾನ ಗಟ್ಟಿ.

ಮೊದ್ಲು ಬೇರೆ ಕೇಬಲ್ ಹಾಕಿ ನೋಡಿ, ಯಾಕಂದ್ರೆ ಕೆಟ್ಟ ಕೇಬಲ್ಲೂ ಇದೇ ಸಾಲನ್ನೇ ಬರೆಸುತ್ತೆ. ಅದರಲ್ಲೂ ಹಾಗೇ ಆದ್ರೆ ಯುಎಎಸ್ ಆಫ್ ಮಾಡೋದು ಹೀಗೆ. ಬರೀ ಎಲ್‌ಎಸ್‌ಯುಎಸ್‌ಬಿ ಕೊಡಿ, ಐಡಿ ಅಂತ ನಾಲ್ಕಕ್ಷರ, ಎರಡು ಚುಕ್ಕೆ (ಕೋಲನ್), ಮತ್ತೆ ನಾಲ್ಕಕ್ಷರ ಬರುತ್ತೆ. 152ಡಿ ಅಂತ ಶುರುವಾದ್ರೆ ಜೆಮೈಕ್ರಾನ್, 174ಸಿ ಆದ್ರೆ ಎಎಸ್‌ಮೀಡಿಯಾ, 0ಬಿಡಿಎ ಆದ್ರೆ ರಿಯಲ್‌ಟೆಕ್. ಆಮೇಲೆ ಇಟಿಸಿ ಒಳಗೆ ಮಾಡ್‌ಪ್ರೋಬ್ ಡಾಟ್ ಡಿ ಫೋಲ್ಡರಲ್ಲಿ ಒಂದು ಡಾಟ್ ಕಾನ್ಫ್ ಫೈಲ್ ಮಾಡಿ ಒಂದೇ ಒಂದು ಸಾಲು ಹಾಕಿ: ಆಪ್ಷನ್ಸ್, ಜಾಗ, ಯುಎಸ್‌ಬಿ-ಸ್ಟೋರೇಜ್, ಜಾಗ, ಕ್ವಿರ್ಕ್ಸ್ ಈಕ್ವಲ್ ಟು, ಆ ಐಡಿ ಪೂರ್ತಿ, ಮತ್ತೆ ಎರಡು ಚುಕ್ಕೆ, ಯು. ಆ ಕೊನೇ ಯು ಅಂದ್ರೇನೇ "ಇವನ ಜೊತೆ ಯುಎಎಸ್ ಬೇಡ" ಅಂತ. ಉಬುಂಟು, ಮಿಂಟ್, ಡೆಬಿಯನ್ ಆದ್ರೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಡ್ಯಾಶ್ ಯು ಕೊಟ್ಟು ರೀಬೂಟ್. ಮತ್ತೆ ಎಲ್‌ಎಸ್‌ಯುಎಸ್‌ಬಿ ಡ್ಯಾಶ್ ಟಿ ನೋಡಿದ್ರೆ ಡ್ರೈವರ್ ಜಾಗದಲ್ಲಿ ಯುಎಎಸ್ ಹೋಗಿ ಯುಎಸ್‌ಬಿ-ಸ್ಟೋರೇಜ್ ಬಂದಿರ್ಬೇಕು. ಸ್ಪೀಡ್ ಸ್ವಲ್ಪ ಕಮ್ಮಿ ಆಗುತ್ತೆ, ಆದ್ರೆ ಮದುವೆ ವಿಡಿಯೋ ಅರ್ಧಕ್ಕೆ ನಿಲ್ಲಲ್ಲ.

ಮಂಡ್ಯದಲ್ಲಿ ಒಬ್ರು ಸ್ಟುಡಿಯೋದವ್ರು ಇದೇ ಕಾಯಿಲೆಗೆ ಎರಡು ಎಸ್‌ಎಸ್‌ಡಿ ಎಸೆದು ಮೂರನೇದು ತಗೊಂಡಿದ್ರು, ಡಬ್ಬಿ ಮಾತ್ರ ಹಳೇದೇ! "ನಿಮ್ದು ಹಳೇ ಎಸ್‌ಎಸ್‌ಡಿಗಳು ಎಲ್ಲಿ ಸಾರ್" ಅಂದೆ, ಸ್ಕ್ರ್ಯಾಪಿಗೆ ಹಾಕ್ದೆ ಕಣಪ್ಪ ಅಂದ್ರು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಕ್ವಿರ್ಕ್ಸ್ ಹಾಕಿದ್ರೂ ಸುಮ್ನೆ ಬಿಟ್ಟಾಗ ಡಿಸ್ಕನೆಕ್ಟ್ ಆಗುತ್ತೆ.

ಬ್ಯಾಟರಿ ಉಳಿಸಕ್ಕೆ ಕರ್ನಲ್ ಯುಎಸ್‌ಬಿ ಡಿವೈಸನ್ನ ಮಲಗಿಸುತ್ತೆ, ಕೆಲವು ಡಬ್ಬಿ ಮತ್ತೆ ಏಳಲ್ಲ. ಟಿಎಲ್‌ಪಿ (ಬ್ಯಾಟರಿ ಉಳಿಸೋ ಪ್ರೋಗ್ರಾಂ) ಹಾಕ್ಕೊಂಡಿದ್ರೆ ಅದರ ಕಾನ್ಫಿಗ್ ಫೈಲಲ್ಲಿ ಯುಎಸ್‌ಬಿ ಆಟೋಸಸ್ಪೆಂಡ್ 0 ಮಾಡಿ. ಇಲ್ಲಾಂದ್ರೆ ಗ್ರಬ್‌ನಲ್ಲಿ (ಲಿನಕ್ಸ್ ಬೂಟ್ ಮಾಡ್ಸೋ ಪ್ರೋಗ್ರಾಂ) ಯುಎಸ್‌ಬಿಕೋರ್ ಡಾಟ್ ಆಟೋಸಸ್ಪೆಂಡ್ ಈಕ್ವಲ್ ಟು ಮೈನಸ್ 1.

ಒಂದ್ಸಲ ಕೇಬಲ್ ಅಲ್ಲಾಡಿತು, ಆಮೇಲೆ ಫೋಲ್ಡರ್ ತೆಗೆದ್ರೆ "ಇನ್‌ಪುಟ್ ಔಟ್‌ಪುಟ್ ಎರರ್".

ಚಾಮುಂಡಿ ಎಕ್ಸ್‌ಪ್ರೆಸ್ಸಲ್ಲಿ ಕೂತು ತೊಡೆ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಎಸ್‌ಎಸ್‌ಡಿ ತೂಗಾಡ್ತಾ ಇರುತ್ತಲ್ಲ, ಮದ್ದೂರು ಬರೋ ಅಷ್ಟೊತ್ತಿಗೆ ಇದು ಗ್ಯಾರಂಟಿ. ಆಗೋದೇನಂದ್ರೆ ಡ್ರೈವ್ ಒಂದು ಕ್ಷಣ ಹೋಗಿ ವಾಪಸ್ ಬಂತು, ಆದ್ರೆ ಹಳೇ ಎಸ್‌ಡಿಬಿ ಇನ್ನೂ ಮೌಂಟ್ ಆಗೇ ಇರೋದ್ರಿಂದ ಹೊಸ ಹೆಸರು ಎಸ್‌ಡಿಸಿ ಆಗಿ ಬಂತು. ನೀವು ನೋಡ್ತಿರೋದು ಖಾಲಿ ಮನೆ. ಆ ಫೋಲ್ಡರ್ ತೆಗೆದಿರೋ ಪ್ರೋಗ್ರಾಂ ಎಲ್ಲಾ ಮುಚ್ಚಿ, ಯುಮೌಂಟ್ ಡ್ಯಾಶ್ ಎಲ್ ಅಂತ ಮೌಂಟ್ ಆಗಿರೋ ಜಾಗದ ಹೆಸರು ಕೊಡಿ (ಅನ್‌ಮೌಂಟ್ ಅಲ್ಲ, ಮಧ್ಯ ಎನ್ ಇಲ್ಲ), ಕಿತ್ತು, ಒಳ್ಳೇ ಕಡೆ ಚುಚ್ಚಿ, ಮೌಂಟ್ ಆಗೋ ಮುಂಚೆನೇ ಫೈಲ್‌ಸಿಸ್ಟಮ್ ಚೆಕ್ ಮಾಡಿಸಿ.

ಓದಕ್ಕೆ ಆಗುತ್ತೆ, ಬರೆಯಕ್ಕೆ ಹೋದ್ರೆ "ರೀಡ್ ಓನ್ಲಿ" ಅನ್ನುತ್ತೆ.

ಮೂರು ಕಾರಣ, ಮೂರಕ್ಕೂ ಮದ್ದು ಬೇರೆ ಬೇರೆ.

ಎನ್‌ಟಿಎಫ್‌ಎಸ್ (ವಿಂಡೋಸಿನ ಫೈಲ್‌ಸಿಸ್ಟಮ್) ಆಗಿದ್ರೆ ವಿಂಡೋಸ್ ಸರಿಯಾಗಿ ಬಿಟ್ಟುಕೊಟ್ಟಿಲ್ಲ. ವಿಂಡೋಸಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್ ಅಂತ ಒತ್ತಿದ್ರೂ ಅದು ಅರ್ಧ ನಿದ್ದೆಗೆ ಹೋಗಿರುತ್ತೆ, ಡ್ರೈವ್ ಮೇಲೆ ಕೊಳಕು ಗುರುತು ಹಂಗೇ ಉಳಿಯುತ್ತೆ. ಕರ್ನಲ್ 5.15ರಲ್ಲಿ, ಅಂದ್ರೆ 2021ರಲ್ಲಿ ಬಂದ ಎನ್‌ಟಿಎಫ್‌ಎಸ್3 ಡ್ರೈವರ್ ಅದನ್ನ ಕಂಡ್ರೆ "ವಾಲ್ಯೂಮ್ ಈಸ್ ಡರ್ಟಿ" ಅಂತ ಲಾಗಲ್ಲಿ ಬರ್ದು, ರೀಡ್ ಓನ್ಲಿ ಇರ್ಲಿ, ಮೌಂಟೇ ಮಾಡಲ್ಲ, ಮೇಲ್ಗಡೆ ಸ್ಕ್ರೀನಲ್ಲಿ "ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಸೂಪರ್‌ಬ್ಲಾಕ್" ಅಂತ ಬಂದು ನೀವು ಗಾಬರಿ ಬೀಳ್ತೀರ. ಸರಿಯಾದ ದಾರಿ ಅಂದ್ರೆ ಯಾರ್ದಾದ್ರೂ ವಿಂಡೋಸ್ ಮಷೀನಿಗೆ ಹಾಕಿ ಸಿಎಚ್‌ಕೆಡಿಎಸ್‌ಕೆ ಸ್ಲ್ಯಾಶ್ ಎಫ್ ಕೊಡೋದು. ವಿಂಡೋಸ್ ಸಿಗ್ಲೇ ಇಲ್ಲ ಅಂದ್ರೆ ಎನ್‌ಟಿಎಫ್‌ಎಸ್‌ಫಿಕ್ಸ್ ಡ್ಯಾಶ್ ಡಿ ಇದೆ, ಅದು ಆ ಗುರುತನ್ನ ಒರೆಸುತ್ತೆ, ಪೂರ್ತಿ ರಿಪೇರಿ ಮಾಡಲ್ಲ. ಗಾಯ ತೊಳೀದೆ ಬ್ಯಾಂಡೇಜ್ ಹಾಕ್ದಂಗೆ.

ಇಎಕ್ಸ್‌ಟಿ4 (ಲಿನಕ್ಸಿನ ಫೈಲ್‌ಸಿಸ್ಟಮ್) ಆಗಿದ್ರೆ ಕರ್ನಲ್‌ಗೆ ಎಲ್ಲೋ ತಪ್ಪು ಸಿಕ್ಕಿ ಡೇಟಾ ಉಳಿಸಕ್ಕೆ ಅಂತ ತಾನೇ ರೀಡ್ ಓನ್ಲಿ ಮಾಡಿದೆ. ಕೆಳಗೆ ಎಫ್‌ಎಸ್‌ಸಿಕೆ (ಫೈಲ್‌ಸಿಸ್ಟಮ್ ಚೆಕ್ ಮಾಡಿ ರಿಪೇರಿ ಮಾಡೋ ಕಮಾಂಡ್) ಪ್ರಶ್ನೆ ನೋಡಿ, ಆದ್ರೆ ಯಾಕೆ ತಪ್ಪಾಯ್ತು ಅಂತ ಲಾಗ್ ನೋಡ್ದೆ ಸುಮ್ನೆ ರಿಪೇರಿ ಮಾಡ್ಬೇಡಿ.

ಮೂರನೇದು ಕೆಟ್ಟದ್ದು. ಕೆಲವು ಎಸ್‌ಎಸ್‌ಡಿಗಳು ಆಯಸ್ಸು ಮುಗಿದಾಗ ತಾವೇ ಬರೆಯೋದನ್ನ ನಿಲ್ಸಿಬಿಡ್ತವೆ. ಬರೀ ಎಲ್‌ಎಸ್‌ಬಿಎಲ್‌ಕೆ ಕೊಟ್ಟಾಗ ಆರ್‌ಒ ಕಾಲಮ್ಮಲ್ಲಿ ಪೂರ್ತಿ ಡಿಸ್ಕಿಗೇ 1 ಅಂತಿದ್ರೆ, ಫಾರ್ಮ್ಯಾಟ್ ಮಾಡಿದ್ರೂ ಹಳೇ ಫೈಲ್ ಹಂಗೇ ವಾಪಸ್ ಬರ್ತಿದ್ರೆ, ಓದಕ್ಕೆ ಬಿಡ್ತಿದೆಯಲ್ಲ ಅಂತ ಕೈಮುಗಿದು ಆದಷ್ಟು ಬೇಗ ಕಾಪಿ ತಗೊಂಡು ಹೊಸದು ನೋಡಿ.

ಎಫ್‌ಎಸ್‌ಸಿಕೆ ಹಾಕಿದ್ರೆ ಎಲ್ಲಾ ಸರಿಹೋಗುತ್ತಂತೆ?

ಯಾರ್ ಹೇಳಿದ್ದು? ಎಫ್‌ಎಸ್‌ಸಿಕೆ ನೋಡ್ಕೊಳೋದು ಫೈಲ್‌ಸಿಸ್ಟಮ್ ಸರಿಯಿದ್ಯಾ ಅಂತ, ನಿಮ್ಮ ಫೋಟೋ ಉಳಿಯುತ್ತಾ ಅಂತಲ್ಲ. ಲೆಕ್ಕಕ್ಕೆ ಸಿಗದ ಫೈಲ್‌ಗಳನ್ನ ಲಾಸ್ಟ್+ಫೌಂಡ್ ಅನ್ನೋ ಫೋಲ್ಡರಿಗೆ ಬರೀ ನಂಬರ್ ಹಾಕಿ ಎಸೆದು ಕೈ ತೊಳ್ಕೊಳುತ್ತೆ.

ಕ್ರಮ ಹೀಗಿರ್ಲಿ. ಲಾಗಲ್ಲಿ ಐ/ಒ ಎರರ್, "ಕ್ರಿಟಿಕಲ್ ಮೀಡಿಯಂ ಎರರ್" ಅಂತ ಇದ್ಯಾ? ಇದ್ರೆ ರಿಪೇರಿ ಮಾತೇ ಬೇಡ, ಮೊದ್ಲು ಡಿಡಿರೆಸ್ಕ್ಯೂ (ಕೆಟ್ಟ ಡ್ರೈವಿಂದ ಕಾಪಿ ತೆಗೆಯೋ ಪ್ರೋಗ್ರಾಂ). ಉಬುಂಟು ಡೆಬಿಯನಲ್ಲಿ ಪ್ಯಾಕೇಜ್ ಹೆಸರು ಜಿಡಿಡಿರೆಸ್ಕ್ಯೂ, ಕಮಾಂಡ್ ಮಾತ್ರ ಡಿಡಿರೆಸ್ಕ್ಯೂ. ಅದು ಚೆನ್ನಾಗಿರೋ ಜಾಗ ಮೊದ್ಲು ಓದಿ, ಕೆಟ್ಟ ಜಾಗಕ್ಕೆ ಆಮೇಲೆ ಬರುತ್ತೆ. ಸೋರ್ಸ್ ಡಿಸ್ಕ್, ಇಮೇಜ್ ಫೈಲ್, ಮ್ಯಾಪ್ ಫೈಲ್ ಅಂತ ಮೂರು ಹೆಸರು ಕೊಡ್ಬೇಕು, ಮ್ಯಾಪ್ ಫೈಲ್ ಬಿಡ್ಬೇಡಿ, ಬೇಸಿಗೇಲಿ ಮಧ್ಯಾಹ್ನ ಕರೆಂಟ್ ಹೋಗಿ ಅರ್ಧಕ್ಕೆ ನಿಂತ್ರೂ ಆ ಫೈಲ್ ಇದ್ರೆ ಬಿಟ್ಟ ಜಾಗದಿಂದ್ಲೇ ಶುರುವಾಗುತ್ತೆ. ಇಮೇಜ್ ಬೇರೆ ಡ್ರೈವಿಗೆ ಹೋಗ್ಬೇಕು, ಅಲ್ಲಿ ಡಿಸ್ಕಿನ ಪೂರ್ತಿ ಸೈಜಿನಷ್ಟು ಜಾಗ ಬೇಕು. ಏನೇ ರಿಪೇರಿ ಇದ್ರೂ ಆ ಇಮೇಜಿನ ಇನ್ನೊಂದು ಕಾಪಿ ಮೇಲೆ ಮಾಡಿ, ಹಾಳಾದ್ರೆ ಕಾಪಿ ಹಾಳಾಗ್ಲಿ.

ಹಾರ್ಡ್‌ವೇರ್ ಎರರ್ ಇಲ್ಲ, ಬರೀ ಕಿತ್ತಿದ್ರಿಂದ ಆಗಿರೋದು ಅಂದ್ರೆ, ಡ್ರೈವ್ ಯುಮೌಂಟ್ ಮಾಡಿ (ಮೌಂಟ್ ಆಗಿರೋವಾಗ ಎಫ್‌ಎಸ್‌ಸಿಕೆ ಹಾಕೋದು ಓಡೋ ಬೈಕಿಗೆ ಪಂಕ್ಚರ್ ಹಾಕ್ದಂಗೆ), ಮೊದ್ಲು ಎಫ್‌ಎಸ್‌ಸಿಕೆ ಡ್ಯಾಶ್ ಎನ್, ಅದು ಬರೀ ನೋಡುತ್ತೆ ಮುಟ್ಟಲ್ಲ. ಪಟ್ಟಿ ಚಿಕ್ಕದಿದ್ರೆ ಡ್ಯಾಶ್ ಎಫ್ ಕೊಟ್ಟು ನಡೀರಿ. ಪರದೆ ತುಂಬಾ ಸುರೀತಿದ್ರೆ ಅಲ್ಲೇ ನಿಲ್ಲಿಸಿ ಇಮೇಜ್ ತಗೊಳಿ.

ಡ್ರೈವ್ ಆರೋಗ್ಯ ನೋಡೋದ್ ಹೆಂಗೆ?

ಸ್ಮಾರ್ಟ್‌ಮಾನ್‌ಟೂಲ್ಸ್ ಹಾಕ್ಕೊಂಡು ಸ್ಮಾರ್ಟ್‌ಸಿಟಿಎಲ್ ಡ್ಯಾಶ್ ಎ ಕೊಡಿ. "ಅನ್‌ನೋನ್ ಯುಎಸ್‌ಬಿ ಬ್ರಿಡ್ಜ್" ಅಂದ್ರೆ ಡ್ಯಾಶ್ ಡಿ ಸ್ಯಾಟ್ ಸೇರ್ಸಿ, ಎನ್‌ವಿಎಂಇ ಡಬ್ಬಿ ಆದ್ರೆ ಸ್ಯಾಟ್ ಬದ್ಲು ಎಸ್‌ಎನ್‌ಟಿಜೆಮೈಕ್ರಾನ್ ಅಥ್ವಾ ಎಸ್‌ಎನ್‌ಟಿರಿಯಲ್‌ಟೆಕ್, ಆ ಹೆಸರಿನ ಮಧ್ಯ ಜಾಗ ಬಿಡ್ದೆ ಒಂದೇ ಪದವಾಗಿ ಬರಿಯೋದು. ಎನ್‌ವಿಎಂಇಲಿ "ಪರ್ಸೆಂಟೇಜ್ ಯೂಸ್ಡ್" 100 ದಾಟಿದ್ರೂ ಡ್ರೈವ್ ನಡೀಬಹುದು, ಅದು ಕಂಪನಿ ಹಾಕಿದ ಲೆಕ್ಕ ಅಷ್ಟೇ. "ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್" 0 ಬಿಟ್ಟು ಬೇರೆ ಏನಿದ್ರೂ ನಾನು ಆ ಡ್ರೈವಲ್ಲಿ ಮುಖ್ಯವಾದ್ದು ಇಡಲ್ಲ. ಸಾಟಾದಲ್ಲಿ (ಹಳೇ ಥರದ ಎಸ್‌ಎಸ್‌ಡಿ) 5ನೇ ನಂಬರ್, ಅಂದ್ರೆ ರೀಅಲೊಕೇಟೆಡ್ (ಕೆಟ್ಟು ಬದಲಾಯಿಸಿದ ಜಾಗದ ಲೆಕ್ಕ), ಅದು ಏರ್ತಿದ್ಯಾ ನೋಡಿ. 199 ಅಂದ್ರೆ ಸಿಆರ್‌ಸಿ ಎರರ್ (ಡೇಟಾ ಸಾಗೋವಾಗ ಆದ ತಪ್ಪು), ಇದನ್ನ ನೋಡಿ ಯುಎಸ್‌ಬಿ ಕೇಬಲ್ ಬದಲಾಯಿಸ್ತಾರೆ ಕೆಲವ್ರು, ತಪ್ಪು, ಅದು ಲೆಕ್ಕ ಇಡೋದು ಎಸ್‌ಎಸ್‌ಡಿಗೂ ಬ್ರಿಡ್ಜ್ ಚಿಪ್‌ಗೂ ನಡುವಿನ ಕನೆಕ್ಷನ್ದು. ಡಬ್ಬಿ ಬಿಚ್ಚಿ ಎಸ್‌ಎಸ್‌ಡಿನ ತೆಗೆದು ಮತ್ತೆ ಒತ್ತಿ ಕೂರ್ಸಿ.

ಬ್ಯಾಡ್‌ಬ್ಲಾಕ್ಸ್ ಡ್ಯಾಶ್ ಡಬ್ಲ್ಯು ಹಾಕೋದು ಹಳೇ ಹಾರ್ಡ್‌ಡಿಸ್ಕ್ ಕಾಲದ ಅಭ್ಯಾಸ. ಡೇಟಾ ಪೂರ್ತಿ ಹೋಗುತ್ತೆ, ಎಸ್‌ಎಸ್‌ಡಿ ಸವೆಯುತ್ತೆ ಬೇರೆ.

ಕಾಪಿ 100 ಪರ್ಸೆಂಟ್ ಆಯ್ತು ಅಂತು, ಕಿತ್ತೆ, ಫೈಲ್ ತೆಗೆಯಲ್ಲ!

ಲಿನಕ್ಸ್ ಮೊದ್ಲು ರ‍್ಯಾಮಿಗೆ ತಗೊಂಡು "ಆಯ್ತು" ಅನ್ನುತ್ತೆ, ಡ್ರೈವಿಗೆ ಹಿಂದಿನಿಂದ ನಿಧಾನಕ್ಕೆ ಬರೆಯುತ್ತೆ. ಡಿಫಾಲ್ಟಲ್ಲಿ ಖಾಲಿ ಇರೋ ಮೆಮೊರಿಯ 20 ಪರ್ಸೆಂಟ್ ತನಕ ಹಿಂಗೆ ಬಾಕಿ ಇಟ್ಕೋಬಹುದು, 16 ಜಿಬಿ ರ‍್ಯಾಮ್ ಇದ್ರೆ 2-3 ಜಿಬಿ ಆಯ್ತು. ಸಿಂಕ್ ಅಂತ ಕೊಡಿ, ಪ್ರಾಂಪ್ಟ್ ವಾಪಸ್ ಬರೋ ತನಕ ಒಂದು ಕಾಫಿ ಕುಡೀರಿ, ಇಜೆಕ್ಟ್ ಮಾಡಿ, ಆಮೇಲೆ ಕೀಳಿ.

"ಟಾರ್ಗೆಟ್ ಈಸ್ ಬಿಝಿ" ಅಂತ ಇಜೆಕ್ಟ್ ಆಗಲ್ಲ.

ಎಫ್‌ಯುಎಸ್‌ಇಆರ್ ಡ್ಯಾಶ್ ವಿಎಂ, ಮೌಂಟ್ ಜಾಗದ ಹೆಸರು. ಯಾರು ಹಿಡ್ಕೊಂಡಿದಾರೆ ತೋರ್ಸುತ್ತೆ. ನೂರಕ್ಕೆ ತೊಂಬತ್ತು ಸಲ ನೀವೇ ಇನ್ನೊಂದು ಟರ್ಮಿನಲ್ಲಲ್ಲಿ ಅದೇ ಫೋಲ್ಡರ್ ಒಳಗೆ ಕೂತಿರ್ತೀರ.

ಮೊದ್ಲು 400 ಎಂಬಿ ಸ್ಪೀಡು, ಆಮೇಲೆ 60ಕ್ಕೆ ಇಳಿಯುತ್ತೆ. ಎರರ್ ಏನಿಲ್ಲ.

ಇದು ಕಾಯಿಲೆ ಅಲ್ಲ. ಎಸ್‌ಎಸ್‌ಡಿಲಿ ಸ್ವಲ್ಪ ಜಾಗನ ಫಾಸ್ಟ್ ಕ್ಯಾಶ್ ಮಾಡಿಟ್ಟಿರ್ತಾರೆ, ಅದು ತುಂಬೋ ತನಕ ಜೋರು, ಆಮೇಲೆ ಅಸಲಿ ಬಣ್ಣ. ಕಮ್ಮಿ ರೇಟಿನ ಕ್ಯೂಎಲ್‌ಸಿ (ಅಗ್ಗದ ಥರದ ಮೆಮೊರಿ ಚಿಪ್) ಡ್ರೈವಲ್ಲಿ ಹಾರ್ಡ್‌ಡಿಸ್ಕಿಗಿಂತ್ಲೂ ನಿಧಾನ ಆಗೋದುಂಟು. ಇನ್ನೊಂದು ಬಿಸಿ. ಏಪ್ರಿಲ್ ಮಧ್ಯಾಹ್ನ ಶೀಟ್ ಮನೇಲಿ ಎನ್‌ವಿಎಂಇ ಡಬ್ಬಿ ಮುಟ್ಟಿದ್ರೆ ದೋಸೆ ಹಂಚು, ಆಗ ಅದು ತಾನೇ ವೇಗ ಇಳ್ಸುತ್ತೆ. ಹಾಸಿಗೆ ಮೇಲೆ ಇಡ್ಬೇಡಿ, ಫ್ಯಾನ್ ಕೆಳಗೆ ಇಡಿ.

ಎಸ್‌ಎಸ್‌ಡಿ ಹಾಕಿದ ತಕ್ಷಣ ವೈಫೈ ಸತ್ತೋಗುತ್ತೆ ಅಂದ್ರೆ ನಂಬ್ತೀರಾ?

ನಂಬ್ತೀನಿ. ಯುಎಸ್‌ಬಿ 3 ಓಡೋವಾಗ 2.4 ಗಿಗಾಹರ್ಟ್ಸ್ ಸುತ್ತ ಗಲಾಟೆ ಎಬ್ಬಿಸುತ್ತೆ, ವೈಫೈ, ವೈರ್‌ಲೆಸ್ ಮೌಸು ಎರಡೂ ಕೂತಿರೋದು ಅಲ್ಲೇ. 5 ಗಿಗಾಹರ್ಟ್ಸ್ ವೈಫೈಗೆ ಹೋಗಿ, ಮೌಸ್ ಡಾಂಗಲ್ನ ಆ ಕಡೆ ಪೋರ್ಟಿಗೆ ಹಾಕಿ, ಮತ್ತೆ ಒಳ್ಳೇ ಕೇಬಲ್.

ಎಫ್‌ಎಸ್‌ಟ್ಯಾಬಲ್ಲಿ (ಆನ್ ಆದಾಗ ಏನೇನ್ ಮೌಂಟ್ ಆಗ್ಬೇಕು ಅನ್ನೋ ಪಟ್ಟಿ) ಎಸ್‌ಎಸ್‌ಡಿ ಹಾಕಿದ್ದೆ, ಇವತ್ತು ಚುಚ್ಚದೆ ಆನ್ ಮಾಡಿದ್ರೆ ಎಮರ್ಜೆನ್ಸಿ ಮೋಡ್.

ಒಂದೂವರೆ ನಿಮಿಷ ಕಾದು ಆಮೇಲೆ ಕಪ್ಪು ಪರದೆ ಬಂತಲ್ವಾ? ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ ಆ ಸಾಲಿನ ಡಿಫಾಲ್ಟ್ಸ್ ಪಕ್ಕ ಕಾಮಾ ಹಾಕಿ ನೋಫೇಲ್ ಅಂತ ಸೇರ್ಸಿ. ಎಸ್‌ಡಿಬಿ1 ಅಂತ ಬರ್ದಿದ್ರೆ ಅಳಿಸಿ ಯುಯುಐಡಿ (ಬದಲಾಗದ ಗುರುತಿನ ನಂಬರ್) ಹಾಕಿ, ಎಲ್‌ಎಸ್‌ಬಿಎಲ್‌ಕೆ ಡ್ಯಾಶ್ ಎಫ್‌ನಲ್ಲಿ ಇರುತ್ತೆ.

1 ಟಿಬಿ ಅಂತ ತಗೊಂಡೆ, 931 ತೋರಿಸ್ತಿದೆ. ಮೋಸನಾ?

ಅಲ್ಲ. ಕಂಪನಿಯವ್ರು ಸಾವಿರದ ಲೆಕ್ಕ, ಕಂಪ್ಯೂಟರ್ 1024ರ ಲೆಕ್ಕ. ಇಎಕ್ಸ್‌ಟಿ4 ಆದ್ರೆ ಇನ್ನೊಂದು 5 ಪರ್ಸೆಂಟ್ ರೂಟ್‌ಗೆ (ಅಡ್ಮಿನ್ ಅಕೌಂಟ್) ಅಂತ ಎತ್ತಿಟ್ಟಿರುತ್ತೆ, ಟ್ಯೂನ್2ಎಫ್‌ಎಸ್ ಡ್ಯಾಶ್ ಎಂ 0 ಕೊಟ್ರೆ ಅದು ವಾಪಸ್.

ಮೋಸ ಅಂದ್ರೆ 16 ಟಿಬಿ ಎಸ್‌ಎಸ್‌ಡಿ ಎರಡು ಸಾವಿರ ರೂಪಾಯಿಗೆ ಅಂತ ಬರ್ತಾವಲ್ಲ, ಅದು. ಒಳಗೆ ಒಂದು ಮೆಮೊರಿ ಕಾರ್ಡ್ ಅಂಟಿಸಿರ್ತಾರೆ, ಫರ್ಮ್‌ವೇರ್ ಸುಳ್ಳು ಹೇಳುತ್ತೆ, ಒಂದು ಮಟ್ಟ ದಾಟಿದ್ಮೇಲೆ ಬರೆದಿದ್ದೆಲ್ಲಾ ಗಾಳಿಗೆ. ಎಫ್3 ಅಂತ ಪ್ಯಾಕೇಜ್ ಇದೆ, ಎಫ್3ರೈಟ್ ಆಮೇಲೆ ಎಫ್3ರೀಡ್, ನಿಜವಾದ ಸೈಜ್ ಬಾಯ್ಬಿಡಿಸುತ್ತೆ. ಹೊಸ ಡ್ರೈವ್ ಯಾವುದೇ ಬರ್ಲಿ ನಾನು ಡಬ್ಬ ತೆಗೆದ ದಿನವೇ ಇದನ್ನ ಓಡಿಸ್ತೀನಿ, ರಿಟರ್ನ್ ಮಾಡೋ ದಿನ ದಾಟೋ ಮುಂಚೆ.

ತಪ್ಪಿ ಡಿಲೀಟ್ ಮಾಡ್ಬಿಟ್ಟೆ, ವಾಪಸ್ ಬರುತ್ತಾ?

ಆ ಕ್ಷಣವೇ ಕಿತ್ತಿಟ್ರೆ ಚಾನ್ಸ್ ಇದೆ, ಟೆಸ್ಟ್‌ಡಿಸ್ಕ್, ಫೋಟೋರೆಕ್ ಹಾಕಿ ನೋಡಿ, ಸಿಕ್ಕಿದ್ದನ್ನ ಬೇರೆ ಡ್ರೈವಿಗೆ ಸೇವ್ ಮಾಡಿ. ಆದ್ರೆ ಟ್ರಿಮ್ ಓಡಿದ್ರೆ ಆಸೆ ಬಿಡಿ, ಅದು ಖಾಲಿ ಜಾಗನ ಡ್ರೈವ್ ಒಳಗಿಂದ್ಲೇ ಗುಡಿಸಿಬಿಡುತ್ತೆ. ವಿಚಿತ್ರ ನೋಡಿ, ಎಷ್ಟೋ ಯುಎಸ್‌ಬಿ ಡಬ್ಬಿಗಳಲ್ಲಿ ಎಫ್‌ಎಸ್‌ಟ್ರಿಮ್ ಕೊಟ್ರೆ "ಡಿಸ್ಕಾರ್ಡ್ ಸಪೋರ್ಟ್ ಇಲ್ಲ" ಅಂತ ಎರರ್ ಬರುತ್ತೆ, ದಿನಾ ಅದನ್ನ ಬೈಯೋರು ಫೈಲ್ ಕಳೆದ ದಿನ ಅದಕ್ಕೇ ಕೈಮುಗೀತಾರೆ.

ಹೊಸ ಎಸ್‌ಎಸ್‌ಡಿಗೆ ಯಾವ ಫಾರ್ಮ್ಯಾಟ್ ಹಾಕ್ಲಿ ಹಾಗಾದ್ರೆ?

ಬರೀ ಲಿನಕ್ಸಲ್ಲೇ ಬಳಸ್ತೀರಾ, ಇಎಕ್ಸ್‌ಟಿ4. ಬೇರೆ ಲಿನಕ್ಸ್ ಮಷೀನಿಗೆ ಹಾಕಿದಾಗ "ಪರ್ಮಿಷನ್ ಡಿನೈಡ್" ಬಂದ್ರೆ ಹೆದರ್ಬೇಡಿ, ಯೂಸರ್ ನಂಬರ್ ಬೇರೆ ಅಷ್ಟೇ, ಚೌನ್ ಮಾಡ್ಕೊಳಿ (ಸಿ ಎಚ್ ಒ ಡಬ್ಲ್ಯು ಎನ್, ಫೈಲಿನ ಮಾಲೀಕರನ್ನ ಬದಲಾಯ್ಸೋ ಕಮಾಂಡ್). ಆಲ್ಬಂ ಪ್ರಿಂಟ್ ಅಂಗಡಿಗೂ, ಟಿವಿಗೂ, ತಂಗಿ ವಿಂಡೋಸ್ ಲ್ಯಾಪ್‌ಟಾಪಿಗೂ ಹೋಗ್ಬೇಕಂದ್ರೆ ಎಕ್ಸ್‌ಫ್ಯಾಟ್. ಅದು ಲಿನಕ್ಸ್ ಕರ್ನಲ್ ಒಳಗೆ 5.4ರಲ್ಲಿ, 2019ಕ್ಕೆ ಬಂದು, 2020ರ 5.7ರಲ್ಲಿ ಸ್ಯಾಮ್‌ಸಂಗ್ ಕೊಟ್ಟ ಹೊಸ ಕೋಡ್ ಸೇರ್ಕೊಂಡು ಸರಿಯಾಗಿ ನೆಲೆ ನಿಲ್ತು, ಹಾಗಾಗಿ ಹಳೇ ಫ್ಯೂಸ್ ಪ್ಯಾಕೇಜ್ ಹುಡುಕ್ಬೇಡಿ, ಎಕ್ಸ್‌ಫ್ಯಾಟ್‌ಪ್ರೋಗ್ಸ್ ಹಾಕಿದ್ರೆ ಸಾಕು. ಆದ್ರೆ ಎಕ್ಸ್‌ಫ್ಯಾಟಲ್ಲಿ ಜರ್ನಲ್ (ಬದಲಾವಣೆ ಮಾಡೋ ಮುಂಚೆ ಬರ್ದಿಡೋ ಡೈರಿ) ಇಲ್ಲ, ಮಧ್ಯ ಕಿತ್ರೆ ಇಎಕ್ಸ್‌ಟಿ4ನಷ್ಟು ತಡ್ಕೊಳಲ್ಲ. ಫ್ಯಾಟ್32 ಬೇಡವೇ ಬೇಡ, 4 ಜಿಬಿ ಮುಟ್ಟಿದ ಫೈಲ್ ಹಿಡಿಯಲ್ಲ, ನಿಮ್ಮ ಜಂಬೂಸವಾರಿ ವಿಡಿಯೋ ಆನೆ ಅರಮನೆಯ ಬಲರಾಮ ಗೇಟ್ ದಾಟೋ ಮುಂಚೆನೇ ನಿಂತೋಗುತ್ತೆ.